ಕಂಟೋನ್ಮೆಂಟಿನ ಮೇರಿಯಮ್ಮನ ಹಬ್ಬ

ಆಗಸ್ಟ್ ತಿಂಗಳ ಕೊನೆ ಬಂತೆಂದರೆ ಬೆಂಗಳೂರಿನ ಕುಕ್ ಟೌನ್, ಕಾಕ್ಸ್ ಟೌನ್, ಫ್ರೇಜರ್ ಟೌನ್ ಕಡೆಯ ಎಷ್ಟೋ ಕ್ರೈಸ್ತರ ಮನೆಗಳಲ್ಲಿ ಅಡುಗೆಯ ಕ್ರಮವೇ ಬದಲಾಗುತ್ತದೆ. ಮೀನು, ಮಾಂಸ ಒಲೆ ಹತ್ತುವುದಿಲ್ಲ. ಹರಕೆ ಹೊತ್ತವರು ಕಾವಿ ಬಣ್ಣದ ಬಟ್ಟೆ ತೊಡುತ್ತಾರೆ. ಸಂಜೆಯಾದರೆ ಮಕ್ಕಳು ಮರಿ ಸಮೇತ ಶಿವಾಜಿನಗರದ ಸಂತ ಮೇರಿಯ ಬಸಿಲಿಕಾದ ಕಡೆಗೆ ಹೊರಡುತ್ತಾರೆ. ಆಗಸ್ಟ್ 29ರಂದು ಅಲ್ಲಿ ಬಾವುಟ ಏರುತ್ತದೆ. ಮುಂದೆ ಒಂಬತ್ತು ದಿನ ನೊವೆನಾ, ಅಂದರೆ ದಿನವೂ ವಿಶೇಷ ಪ್ರಾರ್ಥನೆ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರು ಹುಟ್ಟಿದ ದಿನ, ತೇರು.

ಕುಕ್ ಟೌನಿನ ಸುತ್ತ ಚರ್ಚುಗಳಿಗೆ ಬರವಿಲ್ಲ. ಆದರೂ ಈ ಕಡೆಯವರಿಗೆ ಹಬ್ಬವೆಂದರೆ ಶಿವಾಜಿನಗರದ್ದೇ. 1898ರ ಪ್ಲೇಗ್ ಬೆಂಗಳೂರನ್ನು ಹಿಂಡಿ ಹಾಕಿದ ಮೇಲೆ, ಕಂಟೋನ್ಮೆಂಟಿನ, ಅಂದರೆ ಬ್ರಿಟಿಷರ ದಂಡಿನ ಪ್ರದೇಶದ, ಶಿವಾಜಿನಗರದಂಥ ಇಕ್ಕಟ್ಟಾದ ಕೇರಿಗಳನ್ನು ಬಿಟ್ಟು ಗಾಳಿ ಬೆಳಕಿರುವ ಹೊಸ ಬಡಾವಣೆಗಳತ್ತ ಜನ ಸರಿದರು. 1910ರಲ್ಲಿ ಫ್ರೇಜರ್ ಟೌನ್ ಎದ್ದದ್ದು ಹಾಗೆ. ಮನೆ ಬದಲಾಯಿತು, ಹರಕೆಯ ಜಾಗ ಬದಲಾಗಲಿಲ್ಲ.

ಆ ಜಾಗದ ಕತೆ ಬಡಾವಣೆಗಳಿಗಿಂತ ಹಳೆಯದು. ತಮಿಳುನಾಡಿನ ಸೆಂಜಿಯ ಕಡೆಯಿಂದ ವಲಸೆ ಬಂದ ರೈತರು ಇಲ್ಲಿ ಬಿಳಿ ಅಕ್ಕಿಯ ಭತ್ತ ಬೆಳೆಯುತ್ತಿದ್ದರು, ಅವರ ಆ ಬಿಳಿ ಅಕ್ಕಿಯ ಹಳ್ಳಿಯೇ ಮುಂದೆ ಬ್ಲ್ಯಾಕ್‌ಪಲ್ಲಿಯಾಯಿತು, ಆಮೇಲೆ ಶಿವಾಜಿನಗರವಾಯಿತು ಎನ್ನುತ್ತಾರೆ. ಆ ಜನರಿಗಾಗಿ 19ನೆಯ ಶತಮಾನದ ಮೊದಲ ದಶಕಗಳಲ್ಲಿ ಹುಲ್ಲು ಹೊದಿಸಿದ ಪುಟ್ಟ ಗುಡಿಯೊಂದನ್ನು ಕಟ್ಟಿಸಿದವರು ಫ್ರೆಂಚ್ ಪಾದ್ರಿ ಆಬೆ ದುಬಾಯ್.

ದುಬಾಯ್ ಬಗ್ಗೆ ಒಂದೆರಡು ಮಾತು ಹೆಚ್ಚಿಗೆ ಹೇಳಲೇಬೇಕು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಅದಾಗಲೇ ಚದುರಿಹೋಗಿದ್ದ ಮೈಸೂರು ಸೀಮೆಯ ಕ್ರೈಸ್ತರನ್ನು ಒಗ್ಗೂಡಿಸಲು ಬಂದವರು ಇವರು. ಈ ನೆಲದವರಂತೆಯೇ ಉಟ್ಟು, ಉಂಡು, ಹಳ್ಳಿ ಹಳ್ಳಿ ತಿರುಗಿದರು. ನಮ್ಮ ಜನರ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಗ್ರಂಥವನ್ನು ವಿದ್ವಾಂಸರು ಇಂದಿಗೂ ಓದುತ್ತಾರೆ, ಅದರೊಂದಿಗೆ ಜಗಳವನ್ನೂ ಆಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಇನ್ನೊಂದು ಕೆಲಸ: ಸಿಡುಬು ಬಂದರೆ ಸಾವೇ ಗತಿ ಎಂಬ ಕಾಲದಲ್ಲಿ ಅವರು ಮೈಸೂರು ಸೀಮೆಯ ಜನರಿಗೆ ಲಸಿಕೆ ಹಾಕಿಸಿದರು. ಬೇನೆ ಬಿದ್ದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಇಂದಿಗೂ ಸಾಲುಗಟ್ಟುವ ಈ ಸ್ಥಳಕ್ಕೆ ಅಂಥವರ ಕೈ ಸೋಕಿದೆ ಎಂಬುದು ಹಬ್ಬಕ್ಕೆ ಬರುವವರೆಲ್ಲರಿಗೂ ತಿಳಿದಿರಬೇಕು.

ಈಗಿರುವ ಗಾಥಿಕ್ ಶೈಲಿಯ ಕಟ್ಟಡ ಪ್ರತಿಷ್ಠೆಯಾದದ್ದು 1882ರ ಸೆಪ್ಟೆಂಬರ್ 8ರಂದು, ಅಂದರೆ ಹಬ್ಬದ ದಿನವೇ. ಚೂಪು ಕಮಾನುಗಳು, ಆಕಾಶಕ್ಕೆ ಏರಿದ ಗೋಪುರ, ಬಣ್ಣದ ಗಾಜಿನ ಕಿಟಕಿಗಳು. 1974ರಲ್ಲಿ ಇದು, ಪೋಪರು ಆಯ್ದ ಚರ್ಚುಗಳಿಗೆ ಕೊಡುವ ಬಸಿಲಿಕಾ ಪದವಿಗೇರಿತು. 2016ರಲ್ಲಿ ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಚರ್ಚಿಗೆ ಆ ಪದವಿ ಸಿಗುವವರೆಗೆ ಕರ್ನಾಟಕದಲ್ಲಿ ಇದೊಂದೇ ಬಸಿಲಿಕಾ.

ಆದರೆ ಹಬ್ಬದ ಜೀವ ಕಟ್ಟಡದಲ್ಲಿಲ್ಲ, ಹರಕೆಯಲ್ಲಿದೆ. ಮಾತೆಯ ಪ್ರತಿಮೆಗೆ ಸೀರೆ ಉಡಿಸಿರುತ್ತಾರೆ, ತೋಳಲ್ಲಿ ಬಾಲಯೇಸು. ಮದುವೆ ಕೂಡಿಬಂದವರು, ಮಗು ಪಡೆದವರು, ಆಸ್ಪತ್ರೆಯಿಂದ ಮನೆಗೆ ಮರಳಿದವರು ಸೀರೆ ತಂದು ಒಪ್ಪಿಸುತ್ತಾರೆ. ಮೇಣದ ಬತ್ತಿ, ಹೂವಿನ ಹಾರ, ಉಪವಾಸ, ಬರಿಗಾಲ ನಡಿಗೆ, ಎಲ್ಲಕ್ಕೂ ಹಿಂದೆ ಒಂದೊಂದು ಮನೆಯ ಕಷ್ಟವಿದೆ. ಸಾಲಿನಲ್ಲಿ ಸೀರೆಯುಟ್ಟು ಕುಂಕುಮವಿಟ್ಟ ಹೆಂಗಸರು ಇರುತ್ತಾರೆ, ಬುರ್ಖಾ ತೊಟ್ಟವರೂ ಇರುತ್ತಾರೆ. ಯಾರೂ ಯಾರನ್ನೂ ಏಕೆ ಬಂದಿರಿ ಎಂದು ಕೇಳುವುದಿಲ್ಲ. ಪೂಜೆಯ ವಿಧಿಗೆ ದೀಕ್ಷೆ ಬೇಕಾಗಬಹುದು. ಹರಕೆಗೆ ಬೇಕಾದದ್ದು ನೋವು, ನಂಬಿಕೆ ಎರಡೇ. ಊರಹಬ್ಬವೆಂದರೆ ಹೀಗಿರಬೇಕು ಎಂದು ನಾನು ನಂಬಿದ್ದೇನೆ.

ಭಾಷೆಯ ವಿಷಯದಲ್ಲಿ ಇಲ್ಲಿನ ಹಾದಿ ಅಷ್ಟು ಸುಗಮವಲ್ಲ. 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಲ್ಯಾಟಿನ್ ಬದಲು ಜನರ ನುಡಿಯಲ್ಲಿ ಬಲಿಪೂಜೆ ನಡೆಯುವಂತಾಯಿತು. ಯಾರ ನುಡಿ ಎಂಬ ಪ್ರಶ್ನೆ ಬೆಂಗಳೂರಿನ ಚರ್ಚುಗಳನ್ನು ದಶಕಗಳ ಕಾಲ ಕಲಕಿತು. ಕನ್ನಡ ಕ್ರೈಸ್ತರು ತಮ್ಮ ಭಾಷೆಗೆ ಪೀಠದಲ್ಲಿ ಸ್ಥಾನ ಕೇಳಿ ಹೋರಾಡಬೇಕಾಯಿತು. ಆ ಬೇಡಿಕೆ ನ್ಯಾಯವಾದದ್ದು. ಈಗ ಹಬ್ಬದ ದಿನಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳು ಒಂದರ ಹಿಂದೊಂದು ನಡೆಯುತ್ತವೆ. ಒಂದು ಭಾಷೆಯವರು ಹೊರಬರುವಾಗ ಇನ್ನೊಂದು ಭಾಷೆಯವರು ಒಳಹೋಗುತ್ತಾರೆ.

ಕುಕ್ ಟೌನಿನ ಕೊಂಕಣಿ ಮನೆಗಳಲ್ಲಿ ಅದೇ ಸೆಪ್ಟೆಂಬರ್ 8 ಮೊಂತಿ ಫೆಸ್ತ್, ಕರಾವಳಿಯ ತೆನೆಹಬ್ಬ. ಮಕ್ಕಳು ಮರಿಯಮ್ಮನಿಗೆ ಹೂ ಎರಚುತ್ತಾರೆ, ಆಶೀರ್ವಾದ ಪಡೆದ ತೆನೆ ಮನೆಗೆ ಬರುತ್ತದೆ, ಹೊಸ ಅಕ್ಕಿಯ ಕಾಳನ್ನು ಮನೆಯವರೆಲ್ಲ ಹಂಚಿಕೊಂಡು ಸಸ್ಯಾಹಾರದ ಊಟಕ್ಕೆ ಕೂರುತ್ತಾರೆ. ಗದ್ದೆಯೇ ಇಲ್ಲದ ಬಡಾವಣೆಯಲ್ಲಿ ತೆನೆಗೆ ಈ ಮರ್ಯಾದೆ ಇನ್ನೂ ಉಳಿದಿದೆ.

ತೇರಿನ ಸಂಜೆ ಬಸಿಲಿಕಾದ ಹತ್ತಿರದ ರಸೆಲ್ ಮಾರುಕಟ್ಟೆಯ ಸುತ್ತಲಿನ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದೀಪ, ಹೂಗಳಿಂದ ಸಿಂಗರಿಸಿದ ರಥದಲ್ಲಿ ಮಾತೆ ಹೊರಬರುತ್ತಿದ್ದಂತೆ ಜನ ಕೈ ಮುಗಿಯುತ್ತಾರೆ, ಹೂ ತೂರುತ್ತಾರೆ, ಮಕ್ಕಳನ್ನು ಹೆಗಲಿಗೇರಿಸಿ ತೋರಿಸುತ್ತಾರೆ. ಮೊದಲ ಸಲ ಹೋಗುವವರು ತೇರಿನ ದಿನವನ್ನೇ ಕಾಯಬೇಕಿಲ್ಲ. ನೊವೆನಾದ ನಡುವಿನ ಯಾವುದಾದರೂ ಕೆಲಸದ ದಿನ, ಬೆಳಗ್ಗೆ ಬೇಗ ಹೋದರೆ ಸಾಲು ಚಿಕ್ಕದಿರುತ್ತದೆ. ವಾಹನ ಬಿಟ್ಟು ಬಸ್ಸಿನಲ್ಲಿ ಹೋಗುವುದು ವಾಸಿ: ಶಿವಾಜಿನಗರದ ಬಸ್ ನಿಲ್ದಾಣ ಹತ್ತಿರದಲ್ಲೇ ಇದೆ, ಹಬ್ಬದ ದಿನಗಳಲ್ಲಿ ಸುತ್ತಲಿನ ರಸ್ತೆಗಳ ಸಂಚಾರವನ್ನೂ ಬದಲಿಸಿರುತ್ತಾರೆ.