ಮದುವೆ ಮನೆಯಲ್ಲಿ ಗುಂಡ

"ಅಪ್ಪಾ, ಗುಂಡ ಬರದಿದ್ದರೆ ನಾನು ಹಸೆಮಣೆ ಏರುವುದಿಲ್ಲ" ಎಂದಳು ಮಗಳು, ಮದುವೆಗೆ ಎರಡು ತಿಂಗಳಿರುವಾಗ. ಗುಂಡ ನಮ್ಮ ಲ್ಯಾಬ್ರಡಾರ್. ಅವಳು ಹೈಸ್ಕೂಲಿನಲ್ಲಿದ್ದಾಗ ಬಂದ ಮರಿ, ಈಗ ಹನ್ನೊಂದು ವರ್ಷದ ಮುದುಕ. ಇಲ್ಲಿ ಅಮೆರಿಕದಲ್ಲಿ ನಾಯಿಯ ಕೊರಳಿಗೆ ಉಂಗುರ ಕಟ್ಟಿ ನಡೆಸಿಕೊಂಡು ಬರುವ ಮದುವೆಗಳು ಎಷ್ಟೋ. ನಮ್ಮದಾದರೋ ಹೋಮ, ಧಾರೆ, ಮಡಿಯ ಮದುವೆ. ಮೈಸೂರಿನಿಂದ ಬಂದಿದ್ದ ಅಮ್ಮ "ಹೋಮದ ಹತ್ತಿರ ನಾಯಿಯೇ? ಶಿವ ಶಿವಾ!" ಎಂದರು.

ನಾನು ಮಹಾಭಾರತದ ಮೊರೆಹೊಕ್ಕೆ. ಜನಮೇಜಯನ ಯಾಗಶಾಲೆಗೆ ಬಂದ ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆದು ಅಟ್ಟಿದರು. ಪಾಪ, ಅದು ಹವಿಸ್ಸನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. ತಾಯಿ ಸರಮೆ ಬಂದು ರಾಜನಿಗೆ ಶಾಪ ಕೊಟ್ಟಳು. ಕೊನೆಯಲ್ಲಿ ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗವೂ ಬೇಡವೆಂದ. ಅಮ್ಮ ಸ್ವಲ್ಪ ಯೋಚಿಸಿ, "ಮಂಟಪಕ್ಕೆ ಬೇಡ. ಕಾಶಿಯಾತ್ರೆಗೆ ಬರಲಿ" ಎಂದರು. ಪುರೋಹಿತರೂ ತಲೆಯಾಡಿಸಿದರು.

ಕೊಡೆ, ಕೋಲು ಹಿಡಿದು ಅಳಿಯ ಕಾಶಿಗೆ ಹೊರಟರೆ, ಜರಿಯಂಚಿನ ಶಲ್ಯ ಹೊದ್ದ ಗುಂಡ ಬಾಲವಾಡಿಸುತ್ತ ಅವನ ಹಿಂದೆಯೇ ನಡೆದ. ನೆರೆದವರು ನಕ್ಕಿದ್ದೇ ನಕ್ಕಿದ್ದು. ಅಲ್ಲಿಗೇ ಅವನನ್ನು ಮನೆಗೆ ಕಳಿಸಬೇಕಿತ್ತು. ನಮ್ಮ ಕಿವಿಗೆ ಕೇಳುವುದು ಸುಮಾರು 20,000 ಹರ್ಟ್ಸ್‌ವರೆಗೆ, ನಾಯಿಗೆ 45,000ದಷ್ಟು. ಗಟ್ಟಿಮೇಳ ಅದಕ್ಕೆ ಹಿಂಸೆಯೇ. ಇದೆಲ್ಲ ಗೊತ್ತಿದ್ದೂ, "ಧಾರೆ ನೋಡಲಿ" ಎಂಬ ಆಸೆ ನನಗೆ. ಪುರೋಹಿತರು ಕರೆದಾಗ ಹಗ್ಗವನ್ನು ಹತ್ತು ವರ್ಷದ ಹುಡುಗನೊಬ್ಬನ ಕೈಗೆ ಕೊಟ್ಟು ಮಂಟಪ ಹತ್ತಿದೆ. ಹೆಣ್ಣಿನ ತಂದೆ ಅಂದು ನಾಯಿಯ ಹೊಣೆ ಹೊರಲೇಬಾರದು. ಅದಕ್ಕೆಂದೇ, ನಾಯಿಗೆ ಪರಿಚಯವಿರುವ ದೊಡ್ಡವರೊಬ್ಬರು ಬೇಕು.

ವಾಲಗ ಜೋರಾಯಿತು, ಹುಡುಗನ ಕೈಯಿಂದ ಹಗ್ಗ ಜಾರಿತು. ಗುಂಡ ಸಿಕ್ಕಿದ್ದು ಬೀಗರಿಗೆಂದು ಜೋಡಿಸಿಟ್ಟ ತಟ್ಟೆಗಳ ಮೇಜಿನ ಕೆಳಗೆ. ಒಣದ್ರಾಕ್ಷಿಯ ತಟ್ಟೆ ಖಾಲಿ!

ನಮಗೆ ಪಾಯಸದ ಅಲಂಕಾರವಾದ ದ್ರಾಕ್ಷಿ ನಾಯಿಯ ಮೂತ್ರಪಿಂಡಗಳಿಗೆ ವಿಷ. ಇಷ್ಟು ತಿಂದರೆ ಅಪಾಯವಿಲ್ಲ ಎನ್ನುವ ಲೆಕ್ಕವೇ ಇಲ್ಲ. ಕೆಲವಕ್ಕೆ ಏನೂ ಆಗದು, ಕೆಲವಕ್ಕೆ ಸ್ವಲ್ಪವೇ ಸಾಕು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವೆಂಬ ಅನುಮಾನ 2021ರಿಂದೀಚೆಗೆ ಬಲವಾಗಿದೆ. ಅದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲೂ ಉಂಟು, ಆದ್ದರಿಂದ ಪುಳಿಯೋಗರೆಯನ್ನೂ ದೂರವಿಡಿ. ಚಾಕೊಲೇಟ್, ಈರುಳ್ಳಿ, ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್ ಸಹ ಅದೇ ಸಾಲಿನವು.

ಪಕ್ಕದ ಮನೆಯ ಅಮೆರಿಕನ್ ಗೆಳೆಯ ತಕ್ಷಣ ಗುಂಡನನ್ನು ಪಶುವೈದ್ಯರಲ್ಲಿಗೆ ಒಯ್ದ. ಅಪೋಮಾರ್ಫಿನ್ ಚುಚ್ಚಿ ವಾಂತಿ ಮಾಡಿಸಿ, ಎರಡು ದಿನ ಡ್ರಿಪ್ ಹಾಕಿದರು. ದಿನವೂ ಕ್ರಿಯಾಟಿನಿನ್ ಪರೀಕ್ಷೆ. ಮೂವತ್ತು ವರ್ಷ ರೋಗಿಗಳ ಮನೆಯವರಿಗೆ ಧೈರ್ಯ ಹೇಳಿದ ನಾನು ಆ ವರದಿಗಾಗಿ ಫೋನ್ ಹಿಡಿದೇ ಕೂತಿದ್ದೆ.

ಮಾಂಗಲ್ಯಧಾರಣೆ ಮುಗಿಯುವವರೆಗೂ ಮಗಳಿಗೆ ಹೇಳಲಿಲ್ಲ. "ನೀವು ನಿಮ್ಮ ರೋಗಿಗಳಿಂದಲೂ ಹೀಗೇ ಮುಚ್ಚಿಡುತ್ತೀರಾ, ಅಪ್ಪಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಧಾರೆ ಸೀರೆಯಲ್ಲೇ ಗಂಡನನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟಳು. ಆರತಕ್ಷತೆ ಒಂದು ಗಂಟೆ ತಡವಾಯಿತು.

ಗುಂಡ ಮೂರನೆಯ ದಿನ ಮನೆಗೆ ಬಂದ, ಕಾಲಿನ ಒಂದು ಕಡೆ ಕೂದಲು ಬೋಳಿಸಿಕೊಂಡು. ಬಾಗಿಲಲ್ಲಿ ಅಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು. "ನಿಮ್ಮ ಮಡಿ?" ಎಂದೆ. "ಸುಮ್ಮನಿರೋ, ಕಾಶಿಗೆ ಹೋಗಿ ಬಂದವನು" ಎಂದರು.