ಅಕ್ಯುಪಂಕ್ಚರ್‌ನಿಂದ ಮಂಡಿ ನೋವು ಕಮ್ಮಿ ಆಗುತ್ತಾ? ಆಗುತ್ತೆ, ತೊಂದರೆ ಶುರುವಾಗೋದು ಆಮೇಲೆ

ಕಳೆದ ದೀಪಾವಳಿಗೆ ಹಾಸನದ ಮನೆಗೆ ಹೋಗಿದ್ದಾಗ ಅಮ್ಮ ಮೆಟ್ಟಿಲು ಹತ್ತಿಕೊಂಡು ತಾರಸಿಗೆ ಬಂದಳು. ಎರಡು ವರ್ಷದಿಂದ ಮಂಡಿ ನೋವು ಅಂತ ಕೆಳಗೇ ಕೂತಿರುತ್ತಿದ್ದವಳು. "ಹತ್ತು ಸಲ ಸೂಜಿ ಹಾಕಿಸ್ಕೊಂಡೆ ಕಣೋ, ಅರ್ಧಕ್ಕರ್ಧ ನೋವು ಹೋಯ್ತು" ಅಂದಳು. ಬಡಾವಣೆಯಲ್ಲೇ ಒಬ್ಬರು ಅಕ್ಯುಪಂಕ್ಚರ್ ಮಾಡುತ್ತಾರಂತೆ. ನನಗೆ ಖುಷಿಯೇ ಆಯಿತು. ಮುಂದಿನ ಮಾತು ಕೇಳಿ ಆ ಖುಷಿ ಇಳಿದುಹೋಯಿತು. "ಶುಗರ್‌ಗೂ ಪಾಯಿಂಟ್ ಇದೆಯಂತೆ. ಇನ್ನೊಂದು ತಿಂಗಳು ಹಾಕಿಸ್ಕೊಂಡ್ರೆ ಮಾತ್ರೆ ಬಿಟ್ಟುಬಿಡಬಹುದು ಅಂದ್ರು."

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್. ಪತ್ರಿಕೋದ್ಯಮಕ್ಕೆ ಬರುವ ಮೊದಲು ಮೂರು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ್ದೆ. ಆ ಕೆಲಸದಿಂದ ಉಳಿದುಕೊಂಡಿರೋ ಚಟ ಒಂದೇ: ಏನಾದರೂ ಸರಿಹೋಯಿತು ಅಂದರೆ, ಯಾವ ಬದಲಾವಣೆಯಿಂದ ಸರಿಹೋಯಿತು ಅಂತ ಹುಡುಕೋದು. ಅಮ್ಮನ ಮಂಡಿಯನ್ನೂ ಹಾಗೇ ನೋಡಲು ಕೂತೆ.

ಚೀನಾದ ಸಾಂಪ್ರದಾಯಿಕ ವೈದ್ಯದ ಪ್ರಕಾರ ದೇಹದಲ್ಲಿ 'ಚೀ' ಎಂಬ ಪ್ರಾಣಶಕ್ತಿ ಮೆರಿಡಿಯನ್ ಎಂಬ ಹಾದಿಗಳಲ್ಲಿ ಹರಿಯುತ್ತದೆ. ಈ ಹಾದಿಗಳ ಮೇಲೆ 361 ಬಿಂದುಗಳಿವೆ. ಹರಿವು ಎಲ್ಲೋ ಕಟ್ಟಿಕೊಂಡರೆ ಕಾಯಿಲೆ. ಸರಿಯಾದ ಬಿಂದುವಿಗೆ ಸುಮಾರು ಕಾಲು ಮಿಲಿಮೀಟರ್ ದಪ್ಪದ ಸೂಜಿ ಚುಚ್ಚಿದರೆ ಹರಿವು ಸರಾಗ. ಒಣಗಿಸಿದ ಸೊಪ್ಪನ್ನು ಬಿಂದುವಿನ ಹತ್ತಿರ ಸುಡುವ ಮಾಕ್ಸಿಬಷನ್, ಬಟ್ಟಲು ಅಂಟಿಸಿ ಚರ್ಮ ಎಳೆಯುವ ಕಪ್ಪಿಂಗ್ ಇದರ ದಾಯಾದಿಗಳು. (2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲೆ ಕಂಡ ಕೆಂಪು ವೃತ್ತಗಳು ಕಪ್ಪಿಂಗ್‌ನವೇ.) ದೇಹ ಕೊಯ್ದು ನೋಡಿದರೆ ನರ ಸಿಗುತ್ತೆ, ರಕ್ತನಾಳ ಸಿಗುತ್ತೆ, ಮೆರಿಡಿಯನ್ ಸಿಗಲ್ಲ. ಆದರೆ ವಿವರಣೆ ತಪ್ಪು ಅಂದ ಮಾತ್ರಕ್ಕೆ ಪರಿಣಾಮವೇ ಸುಳ್ಳು ಅನ್ನೋಕಾಗಲ್ಲ. ಪರೀಕ್ಷೆ ಮಾಡಬೇಕು.

ಮಾತ್ರೆಯಾದರೆ ಸುಲಭ. ಅರ್ಧ ಜನಕ್ಕೆ ಔಷಧ, ಇನ್ನರ್ಧಕ್ಕೆ ನೋಡಲು ಅದೇ ಥರ ಇರುವ ಖಾಲಿ ಮಾತ್ರೆ. ಸೂಜಿಗೆ ಏನು ಮಾಡೋದು? 1998ರಲ್ಲಿ ಜರ್ಮನಿಯ ಸಂಶೋಧಕರು ನಾಟಕದ ಕತ್ತಿಯಂಥ ಸೂಜಿಯನ್ನು ಜಗತ್ತಿನ ಮುಂದಿಟ್ಟರು. ಚರ್ಮಕ್ಕೆ ತಾಗಿದ ಕೂಡಲೇ ಅದರ ಮೊಂಡು ತುದಿ ಹಿಡಿಯೊಳಗೆ ಸರಿಯುತ್ತೆ, ರೋಗಿಗೆ ಮಾತ್ರ ಚುಚ್ಚಿದಂತೆಯೇ ಅನಿಸುತ್ತೆ. ಇನ್ನೊಂದು ದಾರಿ, ಬಿಂದುವೇ ಅಲ್ಲದ ಕಡೆ ಮೇಲೆ ಮೇಲೆ ಚುಚ್ಚೋದು.

ಈ ಎರಡನೇ ದಾರಿ ಹಿಡಿದ ಜರ್ಮನಿಯ ದೊಡ್ಡ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಮಂಡಿ ಸವೆತದ ಸಾವಿರಕ್ಕೂ ಹೆಚ್ಚು ರೋಗಿಗಳು, ಮೂರು ಗುಂಪು. ಮೊದಲನೆಯದಕ್ಕೆ ಶಾಸ್ತ್ರೋಕ್ತ ಅಕ್ಯುಪಂಕ್ಚರ್, ಎರಡನೆಯದಕ್ಕೆ ಸುಳ್ಳು ಅಕ್ಯುಪಂಕ್ಚರ್, ಮೂರನೆಯದಕ್ಕೆ ಮಾಮೂಲಿ ವೈದ್ಯರ ಭೇಟಿ. ಫಿಸಿಯೋಥೆರಪಿ, ಬೇಕಾದರೆ ನೋವಿನ ಮಾತ್ರೆ ಮೂವರಿಗೂ ಇತ್ತು. ಆರು ತಿಂಗಳ ನಂತರ ಸಾಕಷ್ಟು ಸುಧಾರಿಸಿದವರು ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಶೇ 29.1. ಶಾಸ್ತ್ರೋಕ್ತ ಸೂಜಿಯ ಗುಂಪಿನಲ್ಲಿ ಶೇ 53.1. ಸುಳ್ಳು ಸೂಜಿಯವರಲ್ಲಿ? ಶೇ 51.

ಈ ಮೂರು ಸಂಖ್ಯೆಗಳನ್ನು ಎಷ್ಟು ಹೊತ್ತು ನೋಡಿದೆನೋ. ಸೂಜಿ ಹಾಕಿಸಿಕೊಂಡವರಿಗೆ ನೋವು ನಿಜವಾಗಿಯೂ ಕಮ್ಮಿಯಾಗಿದೆ. ಆದರೆ ಎಲ್ಲಿ ಚುಚ್ಚಿದರು, ಎಷ್ಟು ಆಳ ಚುಚ್ಚಿದರು ಅನ್ನೋದರಿಂದ ಹೆಚ್ಚುಕಮ್ಮಿ ಏನೂ ವ್ಯತ್ಯಾಸವಾಗಿಲ್ಲ. ಅಂದರೆ 361 ಬಿಂದುಗಳ ನಕ್ಷೆಗೆ ಇಲ್ಲಿ ದೊಡ್ಡ ಪಾತ್ರವೇ ಇಲ್ಲ. ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಸುಮಾರು 18 ಸಾವಿರ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆಯಲ್ಲಿ ಅಸಲಿ ಸೂಜಿ ಸುಳ್ಳು ಸೂಜಿಗಿಂತ ಸ್ವಲ್ಪ ಮುಂದಿತ್ತು. ಸ್ವಲ್ಪವೇ.

ಇಂಥ ಫಲಿತಾಂಶ ಸಿಕ್ಕರೆ ಸರ್ಕಾರ ಏನು ಮಾಡಬೇಕು? ರೋಗಿಗೆ ಆರಾಮವಾದರೆ ಸಾಕು ಅಂದುಕೊಂಡ ಜರ್ಮನಿ, 2007ರಿಂದ ಮಂಡಿ ಮತ್ತು ಸೊಂಟ ನೋವಿನ ಅಕ್ಯುಪಂಕ್ಚರ್‌ಗೆ ಆರೋಗ್ಯ ವಿಮೆಯಲ್ಲೇ ದುಡ್ಡು ಕೊಟ್ಟಿತು. ಬ್ರಿಟನ್‌ನ ಮಾರ್ಗಸೂಚಿ ಸಂಸ್ಥೆ ನೈಸ್ 2009ರಲ್ಲಿ ಸೊಂಟ ನೋವಿಗೆ ಇದನ್ನು ಶಿಫಾರಸು ಮಾಡಿ, 2016ರಲ್ಲಿ ವಾಪಸ್ ತೆಗೆದುಕೊಂಡಿತು. ಸುಳ್ಳು ಸೂಜಿಗಿಂತ ಹೇಳಿಕೊಳ್ಳುವಷ್ಟು ಮೇಲಲ್ಲ ಅನ್ನೋದು ಕಾರಣ. ನನಗೆ ಎರಡೂ ತರ್ಕ ಅರ್ಥವಾಗುತ್ತೆ. ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ನಿಮಿಷ ಮುಖ ನೋಡಿ ಚೀಟಿ ಬರೆದು ಕಳಿಸಿದ್ದ ಅಮ್ಮನಿಗೆ, ಅರ್ಧ ಗಂಟೆ ಮಂಡಿ ಮುಟ್ಟಿ, ಮಾತಾಡಿಸಿ, ಮಲಗಿಸುವವರು ಸಿಕ್ಕಿದ್ದಾರೆ. ಅದಕ್ಕೂ ಬೆಲೆ ಇದೆ.

ಆದರೆ ಶುಗರ್ ಕತೆ ಬೇರೆ. ನೋವನ್ನು ಅಳೆಯೋದು ರೋಗಿಯನ್ನು ಕೇಳಿ. ಸಕ್ಕರೆಯನ್ನು ಅಳೆಯೋದು ರಕ್ತದಿಂದ. ಈ ಎರಡರ ನಡುವಿನ ಅಂತರ ಎಷ್ಟು ಅಂತ ತೋರಿಸುವ ಸಣ್ಣ ಅಧ್ಯಯನವೊಂದು ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾಯಿತು. ಆಸ್ತಮಾ ಇರುವ 39 ಜನರಿಗೆ ಬೇರೆ ಬೇರೆ ದಿನ ಅಸಲಿ ಇನ್ಹೇಲರ್, ಖಾಲಿ ಇನ್ಹೇಲರ್, ಸುಳ್ಳು ಅಕ್ಯುಪಂಕ್ಚರ್ ಕೊಟ್ಟರು. ಕೆಲವು ದಿನ ಏನೂ ಕೊಡಲಿಲ್ಲ. ಎಷ್ಟು ಆರಾಮ ಅನಿಸಿತು ಅಂತ ಕೇಳಿದಾಗ ಅಸಲಿ ಇನ್ಹೇಲರ್‌ಗೆ ಶೇ 50, ಸುಳ್ಳು ಸೂಜಿಗೆ ಶೇ 46. ಹೆಚ್ಚುಕಮ್ಮಿ ಸಮ. ಆಮೇಲೆ ಯಂತ್ರಕ್ಕೆ ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆದರು. ಅಸಲಿ ಇನ್ಹೇಲರ್‌ನಿಂದ ಶೇ 20 ಸುಧಾರಣೆ. ಸುಳ್ಳು ಸೂಜಿಯಿಂದ ಸುಮಾರು ಶೇ 7, ಏನೂ ಕೊಡದೇ ಇದ್ದಾಗಲೂ ಅಷ್ಟೇ. ಉಸಿರಾಟ ಸುಧಾರಿಸಿದಂತೆ ಅವರಿಗೆ ಅನಿಸಿತ್ತು, ಶ್ವಾಸಕೋಶಕ್ಕೆ ಗೊತ್ತೇ ಆಗಿರಲಿಲ್ಲ.

ಮಂಡಿ ನೋವು ಕಮ್ಮಿಯಾದ ನಂಬಿಕೆಯ ಮೇಲೆ ಅಮ್ಮ ಶುಗರ್ ಮಾತ್ರೆ ಬಿಟ್ಟಿದ್ದರೂ ಹೀಗೇ ಆಗುತ್ತಿತ್ತು. 'ಚೆನ್ನಾಗಿದ್ದೀನಿ' ಅಂತಲೇ ಹೇಳುತ್ತಿದ್ದಳು. ಕಣ್ಣು, ಮೂತ್ರಪಿಂಡ, ಕಾಲಿನ ನರಗಳಿಗೆ ಏನಾಗುತ್ತಿದೆ ಅನ್ನೋದು ತಡವಾಗಿ ಗೊತ್ತಾಗುತ್ತಿತ್ತು.

ಸಣ್ಣ ನಿಜದ ಬೆನ್ನೇರಿ ದೊಡ್ಡ ಮಾತು ಬರೋದು ಹೊಸದೇನಲ್ಲ. 1971ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್‌ಗೆ ಪೀಕಿಂಗ್‌ನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯಿತು. ಅದಾದ ಮೇಲೆ ಹೊಟ್ಟೆ ಉಬ್ಬರಕ್ಕೆ ಸೂಜಿ ಚುಚ್ಚಿದರು, ಆರಾಮವಾಯಿತು ಅಂತ ಅವರು ಬರೆದರು. ಆಪರೇಷನ್‌ಗೆ ಕೊಟ್ಟಿದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್ ಅಂತಲೂ ಅವರೇ ಬರೆದಿದ್ದರು. ಆದರೂ ಆಪರೇಷನ್ನೇ ಅಕ್ಯುಪಂಕ್ಚರ್‌ನಿಂದ ಆಯಿತು ಅಂತ ಹೇಳುವವರು ಇವತ್ತಿಗೂ ಸಿಗುತ್ತಾರೆ.

ಭಾರತಕ್ಕೆ ಈ ವಿದ್ಯೆ ತಂದದ್ದು 1938ರಲ್ಲಿ ಡಾ. ಕೋಟ್ನಿಸ್ ಜೊತೆ ಚೀನಾಕ್ಕೆ ಹೋಗಿದ್ದ ತಂಡದ ಡಾ. ಬಿ.ಕೆ. ಬಸು. ಅವರ ಪಶ್ಚಿಮ ಬಂಗಾಳದಲ್ಲಿ 1996ರಲ್ಲೇ ಇದಕ್ಕೆ ಕಾಯ್ದೆ ಬಂತು. ನಮ್ಮಲ್ಲಿ ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್ ಪದವೀಧರರು ಇದನ್ನು ಪಠ್ಯವಾಗಿ ಕಲಿತಿರುತ್ತಾರೆ. ಅಮ್ಮನಿಗೆ ಸೂಜಿ ಹಾಕಿದವರು ಏನು ಓದಿದ್ದಾರೋ ಅಮ್ಮನಿಗೆ ಗೊತ್ತಿಲ್ಲ, ಕೇಳೋಕೆ ಸಂಕೋಚ ಬೇರೆ. ಬಳಸಿದ ಸೂಜಿಯಿಂದ ಹೆಪಟೈಟಿಸ್ ಬಿ ಹರಡಿದ್ದೂ ಇದೆ, ಎದೆಭಾಗದಲ್ಲಿ ಆಳವಾಗಿ ಚುಚ್ಚಿ ಶ್ವಾಸಕೋಶಕ್ಕೆ ತೂತಾಗಿದ್ದೂ ಇದೆ. ಅಪರೂಪ, ಆದರೆ ಇದೆ.

"ಹಂಗಾದ್ರೆ ಮಂಡಿಗೂ ಹೋಗೋದು ಬೇಡ್ವಾ?" ಅಮ್ಮ ಕೇಳಿದಳು.

"ಮಂಡಿಗೆ ಹೋಗು. ಸೂಜಿ ಪ್ಯಾಕೆಟ್ ನಿನ್ನೆದುರೇ ಒಡೀಬೇಕು ಅನ್ನು. ಶುಗರ್ ಮಾತ್ರೆ ಮಾತ್ರ ಡಾಕ್ಟರ್ ಹೇಳದೆ ಬಿಡಬೇಡ."

53 ಮತ್ತು 51ರ ವಿಷಯ ಅವಳಿಗೆ ಹೇಳಲಿಲ್ಲ. ಹೇಳಿದರೆ ನೋವು ವಾಪಸ್ ಬರುತ್ತೇನೋ ಅನ್ನೋ ಅಳುಕು. ಮಾರನೇ ವಾರ ಇಬ್ಬರೂ ಲ್ಯಾಬಿಗೆ ಹೋಗಿ ಎಚ್‌ಬಿಎ1ಸಿ ಮಾಡಿಸಿದೆವು. 7.4 ಬಂತು. ಡಾಕ್ಟರ್ ಮಾತ್ರೆ ಮುಂದುವರಿಸಿ ಅಂದರು.