ಬಳಸಿದ ಜೀಪನ್ನು ಕೊಳ್ಳುವವರಿಗೆ: ಕೈಗಿಯರು ಮೇಲೋ, ಸ್ವಯಂಚಾಲಿತ ಗಿಯರು ಮೇಲೋ?

ಮಲೆನಾಡಿನ ಸೀಮೆಯಲ್ಲಿ ತೋಟ ಗದ್ದೆಗಳನ್ನು ಹೊಂದಿರುವ ಜಮೀನುದಾರರಿಗೆ, ನಾಲ್ಕು ಚಕ್ರಗಳಿಗೂ ಶಕ್ತಿಯನ್ನು ಕೊಡತಕ್ಕ ಜೀಪು ಜಾತಿಯ ವಾಹನವು ವಿಲಾಸದ ವಸ್ತುವಲ್ಲ. ಕೊಳೆರೋಗವು ತಲೆದೋರುವುದಕ್ಕೆ ಮುಂಚೆ ಮೈಲುತುತ್ತವನ್ನೂ ಸುಣ್ಣವನ್ನೂ ಅಡಕೆ ತೋಟಕ್ಕೆ ಸಾಗಿಸುವುದಕ್ಕೂ, ಕೊಯ್ದ ಕಾಫಿಯನ್ನು ಕಣಕ್ಕೆ ತರುವುದಕ್ಕೂ, ಮಳೆಗಾಲದ ನಡುರಾತ್ರಿಯಲ್ಲಿ ಪ್ರಸವವೇದನೆಗೊಂಡ ಹೆಂಗಸನ್ನು ತಾಲ್ಲೂಕು ಆಸ್ಪತ್ರೆಗೆ ಮುಟ್ಟಿಸುವುದಕ್ಕೂ ಅನೇಕ ಕಡೆಗಳಲ್ಲಿ ಅದೊಂದೇ ಆಧಾರವಾಗಿರುತ್ತದೆ. ಇಂಥ ವಾಹನವನ್ನು ಹೊಸದಾಗಿ ಕೊಳ್ಳುವ ಅನುಕೂಲವಿಲ್ಲದವರು ಬಳಸಿದ್ದನ್ನು ಕೊಳ್ಳುವುದು ವಾಡಿಕೆ. ಹಾಗೆ ಕೊಳ್ಳುವಾಗ ಕೈಯಿಂದ ಬದಲಾಯಿಸತಕ್ಕ ಗಿಯರಿನದನ್ನು ಆರಿಸಬೇಕೋ, ತಾನಾಗಿಯೇ ಬದಲಾಗತಕ್ಕ ಗಿಯರಿನದನ್ನು ಆರಿಸಬೇಕೋ ಎಂಬುದು ಈಗ ಅನೇಕರು ಕೇಳುತ್ತಿರುವ ಪ್ರಶ್ನೆಯಾಗಿದೆ.

ಹಿಂದೆ ಈ ಪ್ರಶ್ನೆಗೆ ಅಷ್ಟಾಗಿ ಅವಕಾಶವಿರಲಿಲ್ಲ. 1947ರಲ್ಲಿ ಮಹೀಂದ್ರ ಕಂಪೆನಿಯವರು ನಮ್ಮ ದೇಶದಲ್ಲಿ ಜೋಡಿಸಲಾರಂಭಿಸಿದ ವಿಲ್ಲೀಸ್ ಜೀಪಿಗಾಗಲಿ, 1985ರಲ್ಲಿ ಬಂದ ಮಾರುತಿ ಜಿಪ್ಸಿಗಾಗಲಿ ಕೈಗಿಯರೊಂದೇ ಇದ್ದಿತು. 2020ನೆಯ ಅಕ್ಟೋಬರಿನಲ್ಲಿ ಬಿಡುಗಡೆಯಾದ ಹೊಸ ಥಾರ್ ವಾಹನವು ಆರು ಗಿಯರುಗಳುಳ್ಳ ಎರಡು ಬಗೆಯ ಪೆಟ್ಟಿಗೆಗಳಲ್ಲಿಯೂ ದೊರೆಯಿತು. 2023ನೆಯ ಜೂನಿನಲ್ಲಿ ಬಂದ ಐದು ಬಾಗಿಲಿನ ಜಿಮ್ನಿಯು ಐದು ಕೈಗಿಯರುಗಳಲ್ಲಿ ಅಥವಾ ನಾಲ್ಕು ಸ್ವಯಂಚಾಲಿತ ಗಿಯರುಗಳಲ್ಲಿ ದೊರೆಯಿತು. ಇವುಗಳಲ್ಲಿ ಹಲವು ಈಗ ಮೊದಲನೆಯ ಯಜಮಾನರ ಕೈಬಿಟ್ಟು ಮಾರಾಟಕ್ಕೆ ಬರುತ್ತಿರುವುದರಿಂದ, ಎರಡರ ಗುಣದೋಷಗಳನ್ನೂ ತೂಗಿನೋಡುವುದು ಅವಶ್ಯಕವಾಗಿದೆ.

ಎರಡು ಪೆಟ್ಟಿಗೆಗಳ ರೀತಿ

ಕೈಗಿಯರಿನಲ್ಲಿ ಎಂಜಿನ್ನಿಗೂ ಗಿಯರು ಪೆಟ್ಟಿಗೆಗೂ ನಡುವೆ ಕ್ಲಚ್ಚೆಂಬ ತಟ್ಟೆಯಿರುತ್ತದೆ. ಅದು ಉಜ್ಜಿ ಹಿಡಿದುಕೊಳ್ಳುವುದರಿಂದಲೇ ಶಕ್ತಿಯು ಚಕ್ರಗಳಿಗೆ ಹೋಗುತ್ತದೆ. ಕಾಲಿನಿಂದ ಅದನ್ನು ಅರ್ಧಂಬರ್ಧ ಒತ್ತಿಕೊಂಡು ದಿಬ್ಬವನ್ನು ಹತ್ತಿಸುತ್ತ ಹೋದರೆ ತಟ್ಟೆಯು ಕಾದು ಸವೆದುಹೋಗುತ್ತದೆ. ಥಾರ್, ಜಿಮ್ನಿಗಳ ಸ್ವಯಂಚಾಲಿತ ಪೆಟ್ಟಿಗೆಯಲ್ಲಿ ಆ ತಟ್ಟೆಯ ಸ್ಥಾನದಲ್ಲಿ ಟಾರ್ಕ್ ಕನ್ವರ್ಟರ್ ಎಂಬ ಎಣ್ಣೆ ತುಂಬಿದ ಯಂತ್ರವಿರುತ್ತದೆ. ಎಂಜಿನ್ನು ಒಂದು ರೆಕ್ಕೆಚಕ್ರವನ್ನು ತಿರುಗಿಸಿ ಎಣ್ಣೆಯನ್ನು ಚಿಮ್ಮಿಸುತ್ತದೆ. ಆ ಎಣ್ಣೆಯ ರಭಸವು ಎದುರಿಗಿರುವ ಇನ್ನೊಂದು ರೆಕ್ಕೆಚಕ್ರವನ್ನು ತಿರುಗಿಸುತ್ತದೆ. ಹೊರಡುವ ಸಮಯದಲ್ಲಿ ಇದು ಎಂಜಿನ್ನಿನ ತಿರುಚುಬಲವನ್ನು ಸುಮಾರು ಎರಡರಷ್ಟು ಹೆಚ್ಚಿಸಿಕೊಡಬಲ್ಲದು. ಇಲ್ಲಿ ಕಾಯುವುದು ತಟ್ಟೆಯಲ್ಲ, ಎಣ್ಣೆ. ಎಣ್ಣೆಯು ಮಿತಿಮೀರಿ ಪದೇ ಪದೇ ಕಾದರೆ ಅದರ ಸತ್ವವು ಹೋಗಿ, ಪೆಟ್ಟಿಗೆಯೇ ಕೆಡುತ್ತದೆ.

ದಾರಿಯಲ್ಲಿ ಕಂಡುಬರುವ ಗುಣಗಳು

ಕೆಸರಿನಲ್ಲಿ ಹೋಗುವಾಗ ಗಿಯರನ್ನು ಬದಲಾಯಿಸುವ ಕ್ಷಣದಲ್ಲಿ ಕೈಗಿಯರಿನ ವಾಹನಕ್ಕೆ ಶಕ್ತಿಯು ತಪ್ಪುತ್ತದೆ. ಓಟವು ಕುಂದಿ ಚಕ್ರವು ಹೂತುಕೊಳ್ಳುವುದು ಅನೇಕ ವೇಳೆ ಆಗಲೇ. ಸ್ವಯಂಚಾಲಿತ ಗಿಯರಿನಲ್ಲಿ ಈ ತೊಡಕಿಲ್ಲ. ಕಡಿದಾದ ಏರಿನಲ್ಲಿ ಎಂಜಿನ್ನು ನಿಂತುಹೋಗಿ ಗಾಡಿಯು ಹಿಂದಕ್ಕೆ ಜಾರುವ ಭಯವೂ ಕಡಿಮೆ. ಮನೆಯ ಹಿರಿಯರು, ಹೊಸದಾಗಿ ಕಲಿತವರು, ಆಗಾಗ್ಗೆ ಬದಲಾಗುವ ಡ್ರೈವರುಗಳು ಒಂದೇ ವಾಹನವನ್ನು ನಡೆಸತಕ್ಕ ಸಂದರ್ಭದಲ್ಲಿ ಇದು ಅಲ್ಪ ಗುಣವಲ್ಲ.

ಇಳಿಜಾರಿನಲ್ಲಿ ಮಾತ್ರ ಕೈಗಿಯರೇ ಮೇಲು. ಲೋ ರೇಂಜ್ ಎಂಬ ನಿಧಾನಗತಿಯ ಜೋಡಣೆಯಲ್ಲಿ ಮೊದಲನೆಯ ಗಿಯರನ್ನು ಹಾಕಿಬಿಟ್ಟರೆ, ಎಂಜಿನ್ನೇ ಗಾಡಿಯನ್ನು ಬಿಗಿಹಿಡಿದು ಇಳಿಸುತ್ತದೆ. ಬ್ರೇಕನ್ನು ಒತ್ತುವ ಅಗತ್ಯವು ಬಹಳ ಮಟ್ಟಿಗೆ ತಪ್ಪುತ್ತದೆ. ಸ್ವಯಂಚಾಲಿತ ಗಿಯರಿನಲ್ಲಿ ಎಣ್ಣೆಯ ಸಡಿಲದಿಂದ ಈ ಹಿಡಿತವು ಕೊಂಚ ಕಡಿಮೆ. ಆದ್ದರಿಂದ ಅಂಥ ವಾಹನವನ್ನು ಇಳಿಸುವವರು ಲೋ ರೇಂಜನ್ನು ಹಾಕಿ, ಕೆಳಗಿನ ಗಿಯರಿನಲ್ಲಿಯೇ ಕಡ್ಡಿಯನ್ನು ನಿಲ್ಲಿಸಿಕೊಂಡು ಇಳಿಸತಕ್ಕದ್ದು.

ಇನ್ನೊಂದು ವಿಷಯವನ್ನೂ ಮರೆಯಲಾಗದು. ಬ್ಯಾಟರಿಯು ಬಲಗುಂದಿದಾಗ ಕೈಗಿಯರಿನ ಜೀಪನ್ನು ನಾಲ್ಕು ಮಂದಿ ತಳ್ಳಿ, ಇಲ್ಲವೆ ಇಳಿಜಾರಿನಲ್ಲಿ ಬಿಟ್ಟು, ಚಾಲೂ ಮಾಡಬಹುದು. ಸ್ವಯಂಚಾಲಿತ ಗಿಯರಿನದನ್ನು ಹಾಗೆ ಮಾಡಲಾಗದು. ಕೆಟ್ಟು ನಿಂತರೆ ಚಕ್ರಗಳನ್ನು ನೆಲದ ಮೇಲೆ ಉರುಳಿಸುತ್ತ ದೂರ ಎಳೆದುಕೊಂಡು ಹೋದರೆ, ಎಣ್ಣೆಯು ಹರಿಯದೆ ಒಳಗಿನ ಭಾಗಗಳು ಹಾಳಾಗುವ ಸಂಭವವುಂಟು.

ಕೆಡುವ ಬಗೆಯಲ್ಲಿರುವ ಭೇದ

ಬಳಸಿದ ವಾಹನವನ್ನು ಕೊಳ್ಳುವವರು ಮುಖ್ಯವಾಗಿ ಯೋಚಿಸತಕ್ಕದ್ದು ಇದನ್ನೇ. ಕೈಗಿಯರಿನ ದೋಷವು ಬಚ್ಚಿಟ್ಟುಕೊಳ್ಳುವುದಿಲ್ಲ. ಕ್ಲಚ್ಚು ಜಾರುತ್ತದೆ, ಕಮಟು ವಾಸನೆ ಬರುತ್ತದೆ, ಗಿಯರು ಬೀಳುವಾಗ ಕರಕರ ಶಬ್ದವಾಗುತ್ತದೆ. ತಟ್ಟೆಯನ್ನು ಬದಲಾಯಿಸಬಲ್ಲ ಮೇಸ್ತ್ರಿಗಳು ಬಹುಮಟ್ಟಿಗೆ ಎಲ್ಲ ತಾಲ್ಲೂಕು ಪಟ್ಟಣಗಳಲ್ಲಿಯೂ ಇರುತ್ತಾರೆ. ಸ್ವಯಂಚಾಲಿತ ಪೆಟ್ಟಿಗೆಯಾದರೋ ಒಳಗೆ ಸವೆದಿದ್ದರೂ ಬಹಳ ಕಾಲ ಸುಗಮವಾಗಿಯೇ ನಡೆಯುವಂತೆ ತೋರಿ, ಕೊನೆಗೆ ಒಮ್ಮೆಗೇ ಕೈಕೊಡಬಹುದು. ಅದನ್ನು ಬಿಚ್ಚಿ ಸರಿಪಡಿಸಬಲ್ಲವರು ದೊಡ್ಡ ಊರುಗಳಲ್ಲಿ ಮಾತ್ರ ಸಿಕ್ಕುವರು. ಖರ್ಚು ಕ್ಲಚ್ಚಿನ ಖರ್ಚಿಗೆ ಹಲವು ಪಟ್ಟು. ಅಷ್ಟು ದಿನವೂ ವಾಹನವು ಮನೆಯಲ್ಲಿರುವುದಿಲ್ಲ.

ಕೊಳ್ಳುವ ಮುಂಚೆ ಮಾಡತಕ್ಕ ಪರೀಕ್ಷೆ

ಎತ್ತನ್ನು ಕೊಳ್ಳುವವನು ಅದರ ಹಲ್ಲನ್ನೂ ಗೊರಸನ್ನೂ ನೋಡಿ, ನಾಲ್ಕು ಹೆಜ್ಜೆ ನಡೆಸಿಯೂ ನೋಡುವನಷ್ಟೆ. ವಾಹನದ ವಿಷಯದಲ್ಲಿಯೂ ಹಾಗೆಯೇ ನಡೆಯಬೇಕು.

ಮೊದಲನೆಯದಾಗಿ, ಕೈಗಿಯರಿನ ವಾಹನವನ್ನು ಸಮನೆಲದಲ್ಲಿ, ಮುಂದೆ ಯಾರೂ ಇಲ್ಲದಾಗ ನಿಲ್ಲಿಸಿ, ಕೈಬ್ರೇಕನ್ನು ಬಿಗಿದು, ಮೇಲಿನ ಗಿಯರನ್ನು ಹಾಕಿ, ಕ್ಲಚ್ಚನ್ನು ನಿಧಾನವಾಗಿ ಬಿಡತಕ್ಕದ್ದು. ಎಂಜಿನ್ನು ಕೂಡಲೆ ನಿಂತುಹೋದರೆ ಕ್ಲಚ್ಚಿಗೆ ಹಿಡಿತವಿದೆ. ನಿಲ್ಲದೆ ತಿರುಗುತ್ತಲೇ ಇದ್ದರೆ ತಟ್ಟೆಯು ಸವೆದಿದೆ. ಈ ಪರೀಕ್ಷೆಯನ್ನು ಪದೇ ಪದೇ ಮಾಡಕೂಡದು.

ಎರಡನೆಯದಾಗಿ, ಸ್ವಯಂಚಾಲಿತ ಗಿಯರಿನದನ್ನು ತಣ್ಣಗಿರುವಾಗ ಒಮ್ಮೆ, ಅರ್ಧ ಗಂಟೆ ಓಡಿಸಿ ಕಾದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು. ಬ್ರೇಕನ್ನು ಒತ್ತಿಕೊಂಡು ಕಡ್ಡಿಯನ್ನು ಮುಂದಿನ ಗಿಯರಿಗೂ ಹಿಂದಿನ ಗಿಯರಿಗೂ ಹಾಕಿದಾಗ ತಡವಾಗಿಯಾಗಲಿ ಧಡ್ಡೆಂದಾಗಲಿ ಹಿಡಿದರೆ, ಓಟದಲ್ಲಿ ನಡುಕ ಕಂಡರೆ, ಗಿಯರು ಬದಲಾಗುವಾಗ ಎಂಜಿನ್ನು ಬರಿದೆ ಮೊರೆದರೆ, ಅದನ್ನು ಬಿಡುವುದೇ ಲೇಸು. ಪೆಟ್ಟಿಗೆಯ ಎಣ್ಣೆಯನ್ನು ಕಾರ್ಖಾನೆಯಲ್ಲಿ ತೆಗೆಸಿ ನೋಡತಕ್ಕದ್ದು. ಕಪ್ಪಾಗಿ ಸುಟ್ಟ ವಾಸನೆಯಿದ್ದರೆ ಅತಿಯಾಗಿ ಕಾದಿದೆ. ಹಾಲು ಬೆರೆಸಿದಂತಿದ್ದರೆ ಒಳಗೆ ನೀರು ಸೇರಿದೆ.

ಮೂರನೆಯದಾಗಿ, ಎರಡು ಬಗೆಯಲ್ಲಿಯೂ ಲೋ ರೇಂಜನ್ನು ಹಾಕಿ ಮಣ್ಣಿನ ನೆಲದ ಮೇಲೆ ನಡೆಸಿ ನೋಡಬೇಕು. ಮುಂದಿನ ಹಿಂದಿನ ಅಚ್ಚುಗಳ ಎಣ್ಣೆಯಲ್ಲಿ ನೀರಿದ್ದರೆ ವಾಹನವು ಹಳ್ಳ ಹೊಳೆಗಳಲ್ಲಿ ಮುಳುಗಿ ಬಂದಿದೆಯೆಂದು ಶಂಕಿಸಬೇಕು. ಹಳೆಯ ರಿಪೇರಿ ಪುಸ್ತಕವನ್ನೂ, ಸಾಲ ತೀರಿದ ಪತ್ರವನ್ನೂ ಕೇಳಿ ಪಡೆಯತಕ್ಕದ್ದು.

ನಿರ್ಣಯ

ಘಟ್ಟದ ಒಳಭಾಗದಲ್ಲಿ, ಪಟ್ಟಣಕ್ಕೆ ದೂರವಾಗಿ, ಮನೆಗೊಂದೇ ವಾಹನವಿದ್ದು, ನುರಿತ ಕೈಯೊಂದು ಅದನ್ನು ನಡೆಸುವುದಾದರೆ ಕೈಗಿಯರಿನದನ್ನೇ ಕೊಳ್ಳುವುದು ಉತ್ತಮ. ಹಲವರು ನಡೆಸತಕ್ಕ ಮನೆಗೆ, ಅಥವಾ ಮೊಣಕಾಲು ನೋವಿನ ಹಿರಿಯರು ತಾವೇ ನಡೆಸತಕ್ಕಲ್ಲಿ, ಸ್ವಯಂಚಾಲಿತ ಗಿಯರು ನಿಜಕ್ಕೂ ಉಪಕಾರಿ; ಆದರೆ ಎಣ್ಣೆಯನ್ನು ಕಾಲಕಾಲಕ್ಕೆ ಬದಲಾಯಿಸಿದ ದಾಖಲೆಯಿದ್ದರೆ ಮಾತ್ರ ಅದನ್ನು ಕೊಳ್ಳಬೇಕು. ದಾಖಲೆಯಿಲ್ಲದ ಸ್ವಯಂಚಾಲಿತ ಪೆಟ್ಟಿಗೆಯನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಒಪ್ಪಬಾರದು. ಉಳಿದ ಹಣವು ಒಂದೇ ಮಳೆಗಾಲದಲ್ಲಿ ಹೋದೀತು. ಅದಕ್ಕಿಂತ ಹೆಚ್ಚಾಗಿ, ರೋಗಿಯು ಜಗಲಿಯ ಮೇಲೆ ಕಾದಿರುವ ರಾತ್ರಿಯಲ್ಲಿ ವಾಹನವು ಕದಲದೆ ನಿಂತೀತು.